ಅಮೆರಿಕದಲ್ಲಿ ನಾನಿರುವ ಊರಿನ ಕಂಟ್ರಿ ಮ್ಯೂಸಿಕ್ ರೇಡಿಯೊ ಸ್ಟೇಷನ್ನಿನ ಇತಿಹಾಸ ಬರೆಯಬೇಕು. ಯಾವ ಗಾಯಕರಿಂದ ಶುರು ಮಾಡಲಿ? ಪುಸ್ತಕ ಮಾಡಲೋ, ಪಾಡ್‌ಕಾಸ್ಟ್ ಮಾಡಲೋ?

ಗಾಯಕರಿಂದ ಶುರು ಮಾಡಲೇಬೇಡಿ. ನಾನು ಹಾಗೆ ಮಾಡಿಯೇ ಕೆಟ್ಟೆ.

ನ್ಯಾಶ್‌ವಿಲ್‌ನಲ್ಲಿದ್ದಾಗ ನನಗೂ ಇದೇ ಹುಚ್ಚು ಹತ್ತಿತ್ತು. ಅಲ್ಲಿಯ ಕಂಟ್ರಿ ಮ್ಯೂಸಿಕ್ ಸ್ಟೇಷನ್ನಿನ ಹೆಸರು ಡಬ್ಲ್ಯೂಎಸ್‌ಎಂ, ರೇಡಿಯೊದಲ್ಲಿ 650 ಎಎಂ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ ಒಬ್ಬರಿದ್ದರು. ಚಿಕ್ಕಂದಿನಿಂದ ಶನಿವಾರ ರಾತ್ರಿ ಆ ಸ್ಟೇಷನ್ ಕೇಳಿಕೊಂಡೇ ಬೆಳೆದವರು. ಒಂದು ಭಾನುವಾರ ರೆಕಾರ್ಡರ್ ತಗೊಂಡು ಅವರ ಮನೆ ಜಗಲಿಯಲ್ಲಿ ಕೂತೆ.

ನನ್ನ ಹತ್ತಿರ ಪಟ್ಟಿ ರೆಡಿ ಇತ್ತು. 1925ರ ಅಕ್ಟೋಬರ್ 5ಕ್ಕೆ ಸ್ಟೇಷನ್ ಶುರು. ನವೆಂಬರ್ 28ಕ್ಕೆ 77 ವರ್ಷದ ಅಂಕಲ್ ಜಿಮ್ಮಿ ಥಾಂಪ್ಸನ್ ಮೈಕ್ ಮುಂದೆ ಕೂತು ಪಿಟೀಲು ಬಾರಿಸಿದ್ದು. 1927ರಲ್ಲಿ ಆ ಶನಿವಾರದ ಕಾರ್ಯಕ್ರಮಕ್ಕೆ ‘ಗ್ರ್ಯಾಂಡ್ ಓಲ್ ಆಪ್ರಿ’ ಅಂತ ಹೆಸರು ಬಿದ್ದದ್ದು. 1932ರಲ್ಲಿ 50,000 ವ್ಯಾಟ್ ಆದದ್ದು. ಇದೆಲ್ಲ ಲೈಬ್ರರಿಯಲ್ಲೇ ಸಿಗುತ್ತೆ ಅಲ್ವಾ? ಅದನ್ನೇ ಅಜ್ಜನ ಬಾಯಲ್ಲಿ ಹೇಳಿಸಲು ಹೊರಟಿದ್ದೆ.

ಅಜ್ಜನದು ಮಾತ್ರ ಬಾಯಿ ಬಿಟ್ಟರೆ ಇನ್ಶೂರೆನ್ಸ್ ಏಜೆಂಟನ ಕಥೆ. ವಾರ ವಾರ ಮನೆಗೇ ಬಂದು ಚಿಲ್ಲರೆ ವಸೂಲಿ ಮಾಡ್ತಿದ್ದನಂತೆ. ನನಗೋ ಆಕಳಿಕೆ. ಮಾತಿನಲ್ಲಿ ಏಜೆಂಟ್ ಬಂದಾಗಲೆಲ್ಲ ರೆಕಾರ್ಡಿಂಗ್ ನಿಲ್ಲಿಸುವ ಬಟನ್ ಒತ್ತಿದೆ. ಆಮೇಲೆ ಕೇಳಿ ಬರೆದುಕೊಳ್ಳುವ ಕೆಲಸ ಜಾಸ್ತಿಯಾಗಬಾರದು ಅಂತ. ಒಂದು ಸಲ ಅಲ್ಲ, ಐದಾರು ಸಲ. ಒತ್ತುವುದು ಅವರಿಗೆ ಕಾಣಬಾರದೆಂದು ರೆಕಾರ್ಡರ್ ಮೇಲೆ ಕರ್ಚೀಫ್ ಬೇರೆ ಹಾಕಿದ್ದೆ! ಹೂಂ ಹೂಂ ಅಂತ ತಲೆ ಆಡಿಸಿದೆ, ಕಿವಿಗೆ ಒಂದೂ ಹಾಕಿಕೊಳ್ಳಲಿಲ್ಲ. ತಲೆಯಲ್ಲಿ ಮುಂದಿನ ಪ್ರಶ್ನೆ ಓಡುತ್ತಿತ್ತು.

ತಿಂಗಳುಗಟ್ಟಲೆ ಆದ ಮೇಲೆ ಗೊತ್ತಾಯಿತು, ಸ್ಟೇಷನ್ ಕಟ್ಟಿದ್ದೇ ನ್ಯಾಷನಲ್ ಲೈಫ್ ಅನ್ನೋ ಇನ್ಶೂರೆನ್ಸ್ ಕಂಪನಿ. ಡಬ್ಲ್ಯೂಎಸ್‌ಎಂ ಅಂದರೆ ‘ವಿ ಶೀಲ್ಡ್ ಮಿಲಿಯನ್ಸ್’, ಕಂಪನಿಯ ಘೋಷವಾಕ್ಯ. ಏಜೆಂಟರು ಬಾಗಿಲು ತಟ್ಟಿ ಆಪ್ರಿ ಹೆಸರು ಹೇಳಿದರೆ ಸಾಕು, ಒಳಗೆ ಕರೆದು ಕೂರಿಸುತ್ತಿದ್ದರು. ಪಿಟೀಲಿಗೆ ಅನ್ನ ಹಾಕಿದ್ದು ಆ ಚಿಲ್ಲರೆಯೇ. ನಾನು ಅದನ್ನೇ ಕತ್ತರಿಸಿ ಎಸೆದಿದ್ದೆ.

ಹಾಗಾಗಿ ನಿಮ್ಮೂರಿನ ಸ್ಟೇಷನ್ನಿಗೆ ದುಡ್ಡು ಯಾರು ಕೊಡ್ತಿದ್ದರು ಅಂತ ಮೊದಲು ಹುಡುಕಿ. ಹಿಟ್ಟಿನ ಕಂಪನಿಯೋ, ಬೀಜದ ಅಂಗಡಿಯೋ, ಜಾಹೀರಾತಿನ ಹಳೇ ಬಿಲ್ ಪುಸ್ತಕ ಕೇಳಿ. ಗಾಯಕರ ಬಗ್ಗೆ ಬರೆಯಲು ಜನ ಇದ್ದಾರೆ. ರೆಕಾರ್ಡರ್ ಆನ್ ಮಾಡಿ ಕೈಗೆ ಸಿಗದಷ್ಟು ದೂರ ಇಡಿ. ಪುಸ್ತಕ ಮಾಡೋದಾ ಪಾಡ್‌ಕಾಸ್ಟ್ ಮಾಡೋದಾ ಅಂತಲೂ ಕೇಳಿದ್ದೀರಿ. ಅದೆಲ್ಲ ಆಮೇಲೆ.

ಮತ್ತೊಮ್ಮೆ ಕೇಳೋಣ ಅನ್ನುವಷ್ಟರಲ್ಲಿ ಅಜ್ಜ ತೀರಿಕೊಂಡಿದ್ದರು. ರೆಕಾರ್ಡಿಂಗಿನಲ್ಲಿ ಒಂದು ಕಡೆ ‘ಟಕ್’ ಅಂತ ಸದ್ದಾಗುತ್ತೆ. ಆಮೇಲೆ ಅಜ್ಜನ ದನಿ: “ಅದಕ್ಕೇ ನಮ್ಮಮ್ಮ ಆ ಏಜೆಂಟನಿಗೆ ಮತ್ತೆ ಬಾಗಿಲು ತೆಗೆಯಲೇ ಇಲ್ಲ.” ಇಬ್ಬರೂ ಜೋರಾಗಿ ನಗುತ್ತೇವೆ. ಅವನು ಏನು ಮಾಡಿದ್ದನೋ, ನನಗೆ ಒಂದಿಷ್ಟೂ ನೆನಪಿಲ್ಲ.