ಸ್ಪೀಡ್ ಗನ್ನಿಗೆ ಹುಡುಗ ಕಾಣುವುದಿಲ್ಲ

ಓದುಗರ ಪತ್ರ: ನಾನು ಹ್ಯೂಸ್ಟನ್‌ನಲ್ಲಿ ನೆಲೆಸಿದ ಹಾಸನದವನು. ಮಗನಿಗೆ 15 ವರ್ಷ, ಶಾಲೆಯ ಬೇಸ್‌ಬಾಲ್ ತಂಡದಲ್ಲಿ ಪಿಚರ್, ಅಂದರೆ ಚೆಂಡು ಎಸೆಯುವವನು. ಅವನಿಂದ ನನಗೂ ಈ ಆಟದ ಹುಚ್ಚು ಹಿಡಿದಿದೆ. ಡ್ರಾಫ್ಟ್‌ನಲ್ಲಿ ಹುಡುಗರನ್ನು ಆರಿಸುವುದು ಈಗ ಬರೀ ಲೆಕ್ಕಾಚಾರ. ನಮ್ಮೂರಿನ ಆಸ್ಟ್ರೋಸ್ ತಂಡ ಅದನ್ನು ತೋರಿಸಿಕೊಟ್ಟಿದೆ. ಇನ್ನೂ ಆಟಗಾರರನ್ನು ಹುಡುಕುತ್ತ ಊರೂರು ಅಲೆಯುವ ಸ್ಕೌಟ್‌ಗಳಿಗೆ ಯಾಕೆ ಸಂಬಳ? ಮಗನ ಚೆಂಡು 80 ಮೈಲಿ ವೇಗ ದಾಟಿದೆ. ವಿಡಿಯೋ, ಅಂಕಿಅಂಶ ಕಳಿಸಿದರೆ ಸಾಕಲ್ವಾ?

ಸಂಪಾದಕರ ಉತ್ತರ: ಸಾಲದು ಸ್ವಾಮಿ. ಯಾಕೆ ಸಾಲದು ಅಂತ ಹೇಳಲು ಸ್ವಲ್ಪ ಜಾಗ ಬೇಕು.

ಮೊದಲು ಉಳಿದ ಓದುಗರಿಗೆ ಒಂದು ಮಾತು. 1965ರಿಂದ ಅಮೆರಿಕದ ಮೇಜರ್ ಲೀಗ್ ತಂಡಗಳು ಹೈಸ್ಕೂಲು, ಕಾಲೇಜು ಹುಡುಗರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತಿವೆ. ಇದೇ ಡ್ರಾಫ್ಟ್. ಸೋತವರಿಗೆ ಮೊದಲ ಸರದಿ ಅನ್ನುವುದು ಮೂಲ ನಿಯಮ. ಈಗ ಮೊದಲ ಆರು ಸ್ಥಾನಕ್ಕೆ ಲಾಟರಿ ಇದೆ. 2012ರಿಂದ ಮೊದಲ ಹತ್ತು ಸುತ್ತಿನ ಪ್ರತಿ ಸ್ಥಾನಕ್ಕೂ, ಸಹಿ ಹಾಕುವ ಹುಡುಗನಿಗೆ ಕೊಡಲು ಇಂತಿಷ್ಟು ಡಾಲರ್ ಅಂತ ಗೊತ್ತು ಮಾಡಿದ್ದಾರೆ. ಎಲ್ಲ ಸೇರಿ ತಂಡಕ್ಕೊಂದು ಬೋನಸ್ ಗಂಟು. ಒಬ್ಬನ ಹತ್ತಿರ ಉಳಿಸಿದ್ದನ್ನು ಇನ್ನೊಬ್ಬನಿಗೆ ಕೊಡಬಹುದು. ಮಿತಿಯನ್ನು ಜಾಸ್ತಿ ಮೀರಿದರೆ ಮುಂದಿನ ವರ್ಷದ ಮೊದಲ ಸುತ್ತಿನ ಸರದಿಯೇ ಹೋಗುತ್ತದೆ.

ಆಸ್ಟ್ರೋಸ್ ಜಾಣತನವನ್ನು ನಾನೂ ಒಪ್ಪುತ್ತೇನೆ. 2012ರಲ್ಲಿ ಮೊದಲ ಸ್ಥಾನದ ಬೆಲೆ 72 ಲಕ್ಷ ಡಾಲರ್. ಅವರು ಪೋರ್ಟೊ ರಿಕೊದ ಕಾರ್ಲೋಸ್ ಕೊರಿಯಾನನ್ನು ಆರಿಸಿ 48 ಲಕ್ಷಕ್ಕೆ ಒಪ್ಪಿಸಿದರು. ಉಳಿದ ಹಣ ಇದ್ದುದರಿಂದ 41ನೆಯವನಾಗಿ ಸಿಕ್ಕ ಲ್ಯಾನ್ಸ್ ಮೆಕಲರ್ಸ್‌ಗೆ 25 ಲಕ್ಷ ಕೊಡಲು ಆಯಿತು. 2017ರಲ್ಲಿ ಆ ತಂಡ ಲೀಗ್‌ನ ಅಂತಿಮ ಪಂದ್ಯಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಾಗ ಇಬ್ಬರೂ ಮೈದಾನದಲ್ಲಿದ್ದರು. ಲೆಕ್ಕ ಸರಿಯಿತ್ತು, ಅಷ್ಟು ಹೇಳಿದರೆ ಸಾಕು.

ಆದರೆ ಅದೇ ತಂಡದ 2014 ನಿಮಗೆ ನೆನಪಿಲ್ಲವೇ? ಮೊದಲ ಆಯ್ಕೆ ಬ್ರೇಡಿ ಏಕನ್, ಸ್ಯಾನ್ ಡಿಯೆಗೊ ಕಡೆಯ ಹೈಸ್ಕೂಲ್ ಎಡಗೈ ಪಿಚರ್. 65 ಲಕ್ಷಕ್ಕೆ ಮಾತಾಗಿತ್ತು. ವೈದ್ಯಕೀಯ ತಪಾಸಣೆಯಲ್ಲಿ ಮೊಣಕೈಯ ಅಸ್ಥಿರಜ್ಜುವಿನ ಬಗ್ಗೆ ತಂಡಕ್ಕೆ ಅನುಮಾನ ಬಂತು. ಬೆಲೆ ಇಳಿಸಿದರು. ಹುಡುಗ ಸಹಿ ಹಾಕಲಿಲ್ಲ. ಮುಂದಿನ ವರ್ಷ ಅವನ ಮೊಣಕೈಗೆ ಶಸ್ತ್ರಚಿಕಿತ್ಸೆಯೂ ಆಯಿತು. ಅನುಮಾನ ಸುಳ್ಳಲ್ಲ, ನಿಜ.

ನನಗೆ ನೋವಾಗುವುದು ಅದೇ ವರ್ಷ ಐದನೇ ಸುತ್ತಿನಲ್ಲಿ ಆರಿಸಿದ ಜೇಕಬ್ ನಿಕ್ಸ್ ಬಗ್ಗೆ. ಅವನಿಗೆ 15 ಲಕ್ಷ ಅಂತ ಮಾತು ಕೊಟ್ಟಿದ್ದರು. ಅವನ ಮೊಣಕೈ ನೆಟ್ಟಗಿತ್ತು. ಆದರೆ ಏಕನ್ ಸಹಿ ಹಾಕದಿದ್ದರೆ ಅವನ ಪಾಲಿನ ಹಣ ಗಂಟಿನಿಂದಲೇ ಮಾಯ. ಆಗ ನಿಕ್ಸ್‌ಗೆ ಕೊಟ್ಟರೆ ಮಿತಿ ಮೀರುತ್ತದೆ. ಮಾತು ಹಿಂದಕ್ಕೆ ಹೋಯಿತು. ಯಾರದೋ ಮೊಣಕೈಗೆ ಇನ್ಯಾರೋ ದಂಡ ತೆತ್ತ ಹಾಗೆ. ಆಟಗಾರರ ಸಂಘ ದೂರು ಕೊಟ್ಟು, ಕೊನೆಗೆ ರಾಜಿಯಾಯಿತು. ತಂಡಕ್ಕೆ ಮಾತ್ರ ಪರಿಹಾರವಾಗಿ ಮರುವರ್ಷ ಎರಡನೇ ಸ್ಥಾನ ಸಿಕ್ಕಿತು, ಅದರಲ್ಲಿ ಅಲೆಕ್ಸ್ ಬ್ರೆಗ್ಮನ್ ಬಂದ. ಲೆಕ್ಕದ ಪುಸ್ತಕದಲ್ಲಿ ಇದು ಲಾಭ. ನಿಮ್ಮ ಮಗ ನಿಕ್ಸ್‌ನ ಜಾಗದಲ್ಲಿದ್ದಿದ್ದರೆ ಹೀಗೇ ಬರೆಯುತ್ತಿದ್ದಿರಾ?

ಇನ್ನು ಸ್ಕೌಟ್‌ಗಳ ಸಂಬಳ. ನಿಮಗೊಂದು ಹೆಸರು ಹೇಳುತ್ತೇನೆ: ಗ್ರೆಗ್ ಮೋರ್‌ಹಾರ್ಟ್. ಏಂಜಲ್ಸ್ ತಂಡದ ಸ್ಕೌಟ್. ನ್ಯೂಜೆರ್ಸಿಯ ಮಿಲ್‌ವಿಲ್‌ನಲ್ಲಿ ಒಬ್ಬ ಹುಡುಗನ ಬೆನ್ನು ಹತ್ತಿದರು. ಅಲ್ಲಿ ಚಳಿ ಜಾಸ್ತಿ, ಪಂದ್ಯ ಕಡಿಮೆ, ಎದುರಾಳಿಗಳೂ ಅಷ್ಟಕ್ಕಷ್ಟೇ. ಫ್ಲಾರಿಡಾ, ಕ್ಯಾಲಿಫೋರ್ನಿಯಾ ಹುಡುಗರ ಪಕ್ಕದಲ್ಲಿಟ್ಟರೆ ಅಂಕಿಅಂಶಕ್ಕೆ ತೂಕವಿಲ್ಲ. ಆದರೆ ಮೋರ್‌ಹಾರ್ಟ್ ಹುಡುಗನ ಅಪ್ಪನ ಜೊತೆ ಮೈನರ್ ಲೀಗ್‌ನಲ್ಲಿ, ಅಂದರೆ ಮೇಜರ್ ಲೀಗ್‌ಗಿಂತ ಕೆಳಗಿನ ಹಂತದಲ್ಲಿ, ಆಡಿದ್ದವರು. ಮನೆ ಗೊತ್ತು, ಮಗನೂ ಗೊತ್ತು. 2009ರ ಡ್ರಾಫ್ಟ್ ರಾತ್ರಿ ಟಿವಿ ಸ್ಟುಡಿಯೋಗೆ ಬಂದಿದ್ದ ಹುಡುಗ ಅವನೊಬ್ಬನೇ. ಒಂದಾದ ಮೇಲೆ ಒಂದು 24 ಹೆಸರು ಕೂಗಿದರು. ಅವನದಿಲ್ಲ. 24ನೆಯದು ಏಂಜಲ್ಸ್‌ನದೇ ಸರದಿ, ಅವರೂ ಬೇರೆಯವನನ್ನು ಕರೆದರು. 25ನೆಯದೂ ಅವರದೇ. ಆಗ ಕರೆದರು: ಮೈಕ್ ಟ್ರೌಟ್. ಮುಂದೆ ಮೂರು ಸಲ ಲೀಗ್‌ನ ಅತ್ಯಮೂಲ್ಯ ಆಟಗಾರ.

ಆಲ್ಬರ್ಟ್ ಪೂಹೋಲ್ಸ್ ಕಥೆ ಇನ್ನೂ ಚುರುಕು. ಟ್ಯಾಂಪಾ ಬೇ ತಂಡದ ಸ್ಕೌಟ್ ಫರ್ನಾಂಡೊ ಅರಾಂಗೊ ಇವನನ್ನು ಬಿಡಬೇಡಿ ಅಂತ ಪಟ್ಟು ಹಿಡಿದಿದ್ದರು. ತಂಡ ಕೇಳಲಿಲ್ಲ. 1999ರಲ್ಲಿ ಕಾರ್ಡಿನಲ್ಸ್ ಅವನನ್ನು 13ನೇ ಸುತ್ತಿನಲ್ಲಿ, 402ನೆಯವನಾಗಿ ತೆಗೆದುಕೊಂಡಿತು. ಅರಾಂಗೊ ಕೆಲಸ ಬಿಟ್ಟರು. ಪೂಹೋಲ್ಸ್ 703 ಹೋಮ್‌ರನ್ ಹೊಡೆದ, ಕ್ರಿಕೆಟ್ಟಿನ ಸಿಕ್ಸರ್ ಇದ್ದ ಹಾಗೆ. ಸಂಬಳದ ಮಾತು ಆಡುವಾಗ ಆ ರಾಜೀನಾಮೆಯನ್ನೂ ನೆನಪಿಡಿ.

ಒಳ್ಳೆಯ ಸ್ಕೌಟ್ ಆಟ ಶುರುವಾಗುವ ಮುಂಚೆಯೇ ಬರುತ್ತಾನೆ. ಬೇಲಿ ಪಕ್ಕ ಮಡಚುವ ಕುರ್ಚಿ ಹಾಕುತ್ತಾನೆ. ಹುಡುಗ ಮೈ ಬೆಚ್ಚಗೆ ಮಾಡಿಕೊಳ್ಳುವುದನ್ನು ನೋಡುತ್ತಾನೆ. ಅಂಪೈರ್ ತಪ್ಪು ತೀರ್ಪು ಕೊಟ್ಟಾಗ ಮುಖ ಹೇಗಾಗುತ್ತದೆ, ಕ್ಯಾಚ್ ಬಿಟ್ಟ ಗೆಳೆಯನ ಕಡೆ ಹೇಗೆ ತಿರುಗುತ್ತಾನೆ, ಇದನ್ನೆಲ್ಲ ಬರೆದುಕೊಳ್ಳುತ್ತಾನೆ. ನೀವು ಕಳಿಸುವ ವಿಡಿಯೋದಲ್ಲಿ ಇದು ಇರಲ್ಲ. ನೀವೇ ಕತ್ತರಿಸಿರುತ್ತೀರಿ, ಅಲ್ವಾ?

ಇಂಥವರು ನೋಡಬೇಕಾದ ಹುಡುಗರಿಗೆ ಬಾಗಿಲೂ ಕಿರಿದಾಗಿದೆ. 2019ರವರೆಗೆ 40 ಸುತ್ತು ಇತ್ತು, ಈಗ 20. 1988ರಲ್ಲಿ 62ನೇ ಸುತ್ತಿನಲ್ಲಿ ಬಂದ ಮೈಕ್ ಪಿಯಾಜಾ ಆಟದ ದಿಗ್ಗಜರ ಸಾಲಾದ ಹಾಲ್ ಆಫ್ ಫೇಮ್ ಸೇರಿದ. ಇವತ್ತಾಗಿದ್ದರೆ ಅವನ ಹೆಸರೇ ಕೂಗುತ್ತಿರಲಿಲ್ಲ. 2021ಕ್ಕೆ ಮೇಜರ್ ಲೀಗ್‌ನವರು ಸುಮಾರು 40 ಮೈನರ್ ಲೀಗ್ ತಂಡಗಳ ನಂಟನ್ನೂ ಕಡಿದರು. ಸಣ್ಣ ಊರುಗಳ ಸಂಜೆಗಳು ಖಾಲಿಯಾದವು. ಇದೂ ಲೆಕ್ಕಾಚಾರವೇ.

ಕೊನೆಗೆ ನಿಮ್ಮ 80 ಮೈಲಿ. ಓದಿದಾಗ ಖುಷಿಯಾಗಲಿಲ್ಲ, ಭಯವಾಯಿತು. 2024ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ತಾನೇ ಪಿಚರ್‌ಗಳ ಗಾಯದ ಬಗ್ಗೆ ವರದಿ ತಂದಿತು. ವೇಗದ ಬೆನ್ನು ಹತ್ತಿದ್ದು, ಪ್ರತಿ ಎಸೆತಕ್ಕೂ ಪೂರ್ತಿ ದಮ್ಮು ಹಾಕುವುದು ದೊಡ್ಡ ಕಾರಣ, ಅದು ಶಾಲಾ ಮಕ್ಕಳವರೆಗೂ ಇಳಿದಿದೆ ಅಂತ ಅದರಲ್ಲೇ ಇದೆ. ಏಕನ್‌ಗಾದ ಮೊಣಕೈಯ ಆ ಶಸ್ತ್ರಚಿಕಿತ್ಸೆಯಲ್ಲಿ ಮೂಳೆಗೆ ತೂತು ಕೊರೆದು, ಬೇರೆ ಕಡೆಯಿಂದ ತೆಗೆದ ನಾರನ್ನು ಪೋಣಿಸುತ್ತಾರೆ. ವಾಸಿಯಾಗಲು ವರ್ಷದ ಮೇಲೆ ಬೇಕು. 15 ವರ್ಷದ ಕೈಗೆ ಇದು ಬೇಡ ಸ್ವಾಮಿ.

ಚೆಂಡಿನ ವೇಗ ಅಳೆಯುವ ಸ್ಪೀಡ್ ಗನ್ ಕೆಲವು ತಿಂಗಳು ಪೆಟ್ಟಿಗೆಯಲ್ಲಿರಲಿ. ಮುಂದಿನ ಪತ್ರದಲ್ಲಿ ಮೈಲಿ ಬೇಡ. ಹೋಮ್‌ರನ್ ಹೊಡೆಸಿಕೊಂಡ ಮರುಚೆಂಡನ್ನು ಅವನು ಹೇಗೆ ಹಾಕಿದ, ಅದನ್ನು ಬರೆಯಿರಿ.