ನದಿ ಇತ್ತು, ಬೀಗದ ಕೈ ಬೇರೆಯವರ ಹತ್ತಿರ ಇತ್ತು

ಪ್ರಶ್ನೆ: ಸರ್, ದಕ್ಷಿಣ ಅಮೆರಿಕದ ಪರಾಗ್ವೆ ದೇಶ ಸ್ವತಂತ್ರ ಆದ ಮೇಲೆ ತನ್ನ ಗಡಿಯನ್ನೇ ಮುಚ್ಚಿಕೊಂಡಿತು ಅಂತ ಕ್ಲಾಸಿನಲ್ಲಿ ಹೇಳಿದರು. ಫ್ರಾನ್ಸಿಯಾ ಅನ್ನೋ ಸರ್ವಾಧಿಕಾರಿಯ ಹುಚ್ಚಾಟ ಅದು ಅಂತಾರೆ. ನಿಜಾನಾ?
– ಬಿ.ಎ. ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ಅರ್ಧ ನಿಜ, ತಂಗಿ. ಫ್ರಾನ್ಸಿಯಾ ಬಹಳ ಕಠಿಣ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಗಿಲು ಮುಚ್ಚಿದ್ದು ಅವನೊಬ್ಬನೇ ಅಲ್ಲ.

ಒಂದು ಸಲ ನಕಾಶೆ ತೆಗೆದು ನೋಡು. ಪರಾಗ್ವೆಗೆ ಸಮುದ್ರ ಇಲ್ಲ. ರಾಜಧಾನಿ ಅಸುನ್ಸಿಯಾನ್ ಇರೋದು ಪರಾಗ್ವೆ ನದಿಯ ದಂಡೆ ಮೇಲೆ. ಆ ನದಿ ಪರಾನಾ ನದಿಯನ್ನು ಸೇರಿ, ಸಾವಿರ ಕಿಲೋಮೀಟರಿಗೂ ಜಾಸ್ತಿ ಹರಿದು, ಈಗಿನ ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್ ಹತ್ತಿರ ಕಡಲ ಕಡೆ ತೆರೆದುಕೊಳ್ಳುತ್ತದೆ. ಬೇರೆ ದಾರಿಯೇ ಇಲ್ಲ ಅನ್ನಬಹುದು. ನಮ್ಮ ಕಡೆ ನದಿ ಜಗಳ ಅಂದ್ರೆ ನೀರಿನ ಜಗಳ, ಕೃಷ್ಣೆಯದಿರಲಿ, ಮಹದಾಯಿಯದಿರಲಿ. ಅಲ್ಲಿ ದಾರಿಯ ಜಗಳ. ನಿಪ್ಪಾಣಿಯ ವ್ಯಾಪಾರಿ ತಂಬಾಕಿನ ಬೋದು ಕಟ್ಟಿ ಇಟ್ಟಿದ್ದಾನೆ, ಹೊರಗೆ ಹೋಗೋಕೆ ಇರೋದು ಒಂದೇ ರಸ್ತೆ, ಆ ರಸ್ತೆಯ ನಾಕಾದಲ್ಲಿ ಕೂತವನು 'ನೀನು ಮೊದಲು ನನ್ನ ಕೈಕೆಳಗೆ ಬಾ, ಆಮೇಲೆ ಗಾಡಿ ಬಿಡ್ತೀನಿ' ಅಂತಾನೆ ಅಂದುಕೋ. ಪರಾಗ್ವೆಯ ಮುಖ್ಯ ಮಾಲಿನಲ್ಲಿ ತಂಬಾಕೂ ಒಂದು, ಹಾಗಾಗಿ ಈ ಹೋಲಿಕೆ ಸುಮ್ನೆ ಕೊಟ್ಟಿದ್ದಲ್ಲ.

ಇನ್ನೊಂದು ಮಾಲು ಯೆರ್ಬಾ ಮಾಟೆ. ಒಂದು ಮರದ ಎಲೆ ಅದು. ಬೆಂಕಿಯ ಶಾಖಕ್ಕೆ ಒಣಗಿಸಿ, ಪುಡಿ ಮಾಡಿ, ಸಣ್ಣ ಸೋರೆ ಬುರುಡೆಗೆ ಹಾಕಿ, ಬಿಸಿನೀರು ಹೊಯ್ದು, ತುದಿಯಲ್ಲಿ ಜರಡಿ ಇರೋ ಕೊಳವೆಯಿಂದ ಹೀರುತ್ತಾರೆ. ಒಂದೇ ಬುರುಡೆ ಎಲ್ಲರ ಕೈ ಸುತ್ತುತ್ತದೆ. ನಮಗೆ ಚಹಾ ಹೇಗೋ, ಆ ಭಾಗದ ಜನಕ್ಕೆಲ್ಲ ಇದು ಹಾಗೆ.

ಈಗ ಜಗಳಕ್ಕೆ ಬರೋಣ. ಸ್ಪೇನಿನ ಕೈಯಿಂದ ಬಿಡಿಸಿಕೊಂಡ ಬ್ಯೂನಸ್ ಐರಿಸ್, ಪರಾಗ್ವೆ ತನ್ನದೇ ಒಂದು ಪ್ರಾಂತ ಅಂದುಕೊಂಡಿತ್ತು. ಬೆಲ್ಗ್ರಾನೊ ಅನ್ನೋ ಸೇನಾಪತಿಯ ಕೈಯಲ್ಲಿ ಸೈನ್ಯ ಕೊಟ್ಟು ಕಳಿಸಿತು. ಪರಾಗ್ವೆಯವರು ಅವನನ್ನು 1811ರ ಜನವರಿಯಲ್ಲಿ ಪರಾಗ್ವಾರಿಯಲ್ಲಿ, ಮಾರ್ಚ್‌ನಲ್ಲಿ ತಾಕ್ವಾರಿಯಲ್ಲಿ ಸೋಲಿಸಿದರು. ಸ್ಪೇನಿನ ಗವರ್ನರನನ್ನು ಅವರು ಮಣಿಸಿದ್ದು ಆಮೇಲೆ, ಮೇ 14-15ರ ರಾತ್ರಿ. ಅಂದ್ರೆ ಸ್ಪೇನ್ ಹೋಗೋದಕ್ಕಿಂತ ಮುಂಚೆಯೇ ಇವರು ನೆರೆಮನೆಯವನ ಜೊತೆ ಬಡಿದಾಡಿದ್ದರು. ನನ್ನ ಪ್ರಕಾರ ಮುಂದಿನದಕ್ಕೆಲ್ಲ ಬೇರು ಇಲ್ಲಿದೆ, ಪರೀಕ್ಷೆಯಲ್ಲಿ ಇದನ್ನು ಬಿಡಬೇಡ.

1813ರಲ್ಲಿ ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳು ಸೇರಿ ಗಣರಾಜ್ಯ ಸಾರಿದರು. ಆಳೋಕೆ ಇಬ್ಬರು ಕಾನ್ಸಲ್‌ಗಳು, ಅಂದ್ರೆ ಜಂಟಿ ಮುಖ್ಯಸ್ಥರು: ಸಿಪಾಯಿ ಯೆಗ್ರೋಸ್, ವಕೀಲ ಫ್ರಾನ್ಸಿಯಾ. ಎರಡು ಕುರ್ಚಿ ಮಾಡಿಸಿ, ಹಳೇ ರೋಮಿನ ಇಬ್ಬರು ಎದುರಾಳಿಗಳ ಹೆಸರು, ಒಂದಕ್ಕೆ ಗೆದ್ದ ಸೀಸರ್, ಇನ್ನೊಂದಕ್ಕೆ ಸೋತ ಪಾಂಪೆ ಅಂತ ಇಟ್ಟಿದ್ದರು, ಫ್ರಾನ್ಸಿಯಾ ಹೋಗಿ ಸೀಸರನ ಕುರ್ಚಿ ಹಿಡಿದ ಅಂತ ಕತೆ ಹೇಳುತ್ತಾರೆ. 1814ಕ್ಕೆ ಅವನೊಬ್ಬನೇ ಉಳಿದ. 1816ರಲ್ಲಿ ಅವನನ್ನು ಜೀವನಪರ್ಯಂತ ಸರ್ವಾಧಿಕಾರಿ ಮಾಡಿದರು. ಸತ್ತದ್ದು 1840ರಲ್ಲಿ.

ನದಿ ಹರಿದು ಹೋಗೋ ಕೆಳಗಿನ ಪ್ರಾಂತಗಳಲ್ಲಿ ಯುದ್ಧವೋ ಯುದ್ಧ. ದೋಣಿಗಳನ್ನು ತಡೆಯೋರು, ಮಾಲು ಹಿಡಿಯೋರು. ಫ್ರಾನ್ಸಿಯಾ ತಾನೂ ಬಾಗಿಲು ಎಳೆದುಕೊಂಡ. ಪೂರ್ತಿ ಅಲ್ಲ, ಇದನ್ನು ಎಲ್ಲರೂ ಮರೀತಾರೆ: ಇತಾಪುವಾ ಮತ್ತು ಪಿಲಾರ್ ಊರುಗಳಲ್ಲಿ ಅವನ ಅಪ್ಪಣೆ ಮೇಲೆ ವ್ಯಾಪಾರ ನಡೆಯುತ್ತಿತ್ತು. ಚರ್ಚಿನ ಜಮೀನು ಸರಕಾರಕ್ಕೆ ಬಂತು. ಸರಕಾರದ್ದೇ ದನದ ದೊಡ್ಡಿಗಳಾದವು, ರೈತರಿಗೆ ಭೂಮಿ ಲಾವಣಿಗೆ, ಅಂದ್ರೆ ಗೇಣಿಗೆ, ಸಿಕ್ಕಿತು. ಅವನು ದುಡ್ಡು ಮಾಡಿಕೊಳ್ಳಲಿಲ್ಲ. 1820ರಲ್ಲಿ ಸೋತು ಬಂದ ಉರುಗ್ವೆಯ ನಾಯಕ ಆರ್ತಿಗಾಸ್‌ಗೆ ಆಶ್ರಯ ಕೊಟ್ಟ. ಆತ ಮತ್ತೆ ತನ್ನ ನಾಡಿಗೆ ಹೋಗಲೇ ಇಲ್ಲ, 1850ರಲ್ಲಿ ಪರಾಗ್ವೆಯಲ್ಲೇ ತೀರಿಕೊಂಡ.

ಆದರೆ ಫ್ರಾನ್ಸಿಯಾನ ಕತ್ತಲೆಕೋಣೆಗಳನ್ನೂ ಹೇಳಲೇಬೇಕು. ಪಿತೂರಿಯ ಆರೋಪದ ಮೇಲೆ ಜೊತೆಗಾರ ಯೆಗ್ರೋಸ್‌ನನ್ನೇ 1821ರಲ್ಲಿ ಗುಂಡಿಟ್ಟು ಕೊಲ್ಲಿಸಿದ. ಅದೇ ವರ್ಷ ಬೊನ್‌ಪ್ಲಾಂಡ್ ಎಂಬ ಫ್ರೆಂಚ್ ಸಸ್ಯವಿಜ್ಞಾನಿ ಸಿಕ್ಕಿಬಿದ್ದ. ತಪ್ಪೇನು? ಪರಾನಾ ನದಿಯ ಆಚೆ ದಂಡೆಯಲ್ಲಿ ಯೆರ್ಬಾ ಮಾಟೆ ಬೆಳೆಸೋಕೆ ಹೊರಟಿದ್ದ. ಪರಾಗ್ವೆಯ ಸೈನಿಕರು ನದಿ ದಾಟಿ ಹೋಗಿ, ಗಾಯಗೊಂಡ ಅವನನ್ನು ಬೇಡಿ ಹಾಕಿ ಎಳೆತಂದರು. ಬಿಡು ಅಂತ ದಕ್ಷಿಣ ಅಮೆರಿಕದ ಸ್ವಾತಂತ್ರ್ಯ ಹೋರಾಟದ ನಾಯಕ ಬೊಲಿವಾರ್ ಕಾಗದ ಬರೆದರೂ ಫ್ರಾನ್ಸಿಯಾ ಕೇಳಲಿಲ್ಲ. ಬೊನ್‌ಪ್ಲಾಂಡ್ ಗಡಿ ದಾಟಿ ಹೊರಬಂದದ್ದು 1831ರಲ್ಲಿ. ಒಂದು ಎಲೆಯ ವ್ಯಾಪಾರಕ್ಕೆ ಒಬ್ಬ ವಿದ್ವಾಂಸನ ಒಂಬತ್ತು ವರ್ಷ! ನೆನೆದರೆ ನನಗೆ ಸಂಕಟ ಆಗುತ್ತದೆ. ನದಿ ದಾರಿ ಮುಚ್ಚಿಹೋಗಿದ್ದು ಫ್ರಾನ್ಸಿಯಾನೊಬ್ಬನ ತಪ್ಪಲ್ಲ, ಇದು ಮಾತ್ರ ಅವನದೇ.

ಅವನ ನಂತರ 1842ರಲ್ಲಿ ಪರಾಗ್ವೆ ತನ್ನ ಸ್ವಾತಂತ್ರ್ಯವನ್ನು ಬರಹದಲ್ಲಿ ಮತ್ತೊಮ್ಮೆ ಸಾರಿತು. ಅರ್ಜೆಂಟೀನಾ ಒಪ್ಪಿದ್ದು 1852ರಲ್ಲಿ, ಬ್ಯೂನಸ್ ಐರಿಸಿನ ಗವರ್ನರ್ ರೋಸಾಸ್ ಅಧಿಕಾರದಿಂದ ಬಿದ್ದ ಮೇಲೆ. 1811ರಿಂದ ಲೆಕ್ಕ ಹಾಕು, 41 ವರ್ಷ.

ಪ್ರಶ್ನೆ: ಪರಾಗ್ವೆಯಲ್ಲಿ ಜನ ಆಡೋದು ಸ್ಪ್ಯಾನಿಷ್ ತಾನೇ?
– ಓದುಗರು, ಖಾನಾಪುರ

ಉತ್ತರ: ಸ್ಪ್ಯಾನಿಷ್ ಇದೆ, ಆದರೆ ಮನೆಯಲ್ಲಿ, ಸಂತೆಯಲ್ಲಿ ಗ್ವಾರಾನಿ. ನಿಮ್ಮ ಊರಲ್ಲಿ ಒಂದೇ ಅಂಗಡಿಯ ಮುಂದೆ ಎರಡು ಭಾಷೆ ಕೇಳಿಸುತ್ತದಲ್ವಾ, ಹಾಗೆ. ಗ್ವಾರಾನಿ ಆ ನೆಲದ ಮೂಲ ಜನರ ನುಡಿ. ಸ್ಪ್ಯಾನಿಷ್ ಅಪ್ಪ, ಗ್ವಾರಾನಿ ಅವ್ವ ಇರೋ ಮಿಶ್ರ ಕುಟುಂಬಗಳ ಮಕ್ಕಳು ಅದನ್ನು ತಾಯಿಯ ಬಾಯಿಂದಲೇ ಕಲಿತರು. ಸ್ಪೇನಿನಿಂದ ಬಂದ ಗಂಡಸರು ಬಿಳಿಯ ಹೆಣ್ಣುಮಕ್ಕಳನ್ನು ಮದುವೆ ಆಗಬಾರದು ಅಂತ 1814ರಲ್ಲಿ ಅಲ್ಲಿ ಆಜ್ಞೆಯೇ ಆಗಿತ್ತು. 1992ರ ಸಂವಿಧಾನ ಎರಡನ್ನೂ ಅಧಿಕೃತ ಭಾಷೆ ಮಾಡಿತು. ಅಲ್ಲಿನ ದುಡ್ಡಿನ ಹೆಸರೂ ಗ್ವಾರಾನಿಯೇ.