ಮೊದಲು ಅಟ್ಟ ಹತ್ತಿ, ಆಮೇಲೆ ಪೇಂಟ್

ಪ್ರಶ್ನೆ: ನಮ್ಮದು ಅಜ್ಜನ ಕಾಲದ ತೊಟ್ಟಿ ಮನೆ. ಕಂಬ, ತೊಲೆ, ಮುಚ್ಚಿಗೆ ಎಲ್ಲ ಮರದ್ದೇ. ಈಗ ಹೋಂಸ್ಟೇ ಮಾಡುವ ಯೋಚನೆಯಿದೆ. ಮರಕ್ಕೆಲ್ಲ ಬೆಂಕಿ ತಡೆಯುವ ಪೇಂಟ್ ಹೊಡೆಸಿ ಅಂತ ಒಬ್ಬರು ಹೇಳುತ್ತಿದ್ದಾರೆ. ಅಷ್ಟು ಮಾಡಿದರೆ ಸಾಕಾ?
– ಓದುಗರೊಬ್ಬರು, ಕೊಪ್ಪ

ಉತ್ತರ: ಪೇಂಟ್ ಡಬ್ಬಿ ಸದ್ಯಕ್ಕೆ ಪಕ್ಕಕ್ಕಿಡಿ. ಟಾರ್ಚ್ ಹಿಡಿದು ಅಟ್ಟ ಹತ್ತಿ. ಹಳೆ ಮನೆ ನೋಡಲು ಹೋದರೆ ನಾನೂ ಮೊದಲು ಮಾಡುವುದು ಅದನ್ನೇ. ಮನೆಯವರು ಕಂಬದ ಕೆತ್ತನೆ ತೋರಿಸಲು ಕಾಯುತ್ತಿರುತ್ತಾರೆ, ನಾನು ಏಣಿ ಕೇಳುತ್ತೇನೆ!

ದಪ್ಪ ಮರಕ್ಕೆ ಜಾಸ್ತಿ ಹೆದರಬೇಡಿ. ಬಚ್ಚಲೊಲೆಗೆ ದೊಡ್ಡ ಕುಂಟೆ ಇಟ್ಟು ನೋಡಿದ್ದೀರಲ್ವಾ? ಹೊರಗೆ ಇದ್ದಿಲಾಗಿರುತ್ತದೆ, ಒಳಗಿನ್ನೂ ಗಟ್ಟಿ. ಆ ಇದ್ದಿಲೇ ಒಳಮರವನ್ನು ಕಾಯುತ್ತದೆ. ಅರ್ಧ ಗಂಟೆ ಉರಿದರೆ ಸುಮಾರು ಒಂದು ಅಂಗುಲ ಕರಕಲಾದೀತು. ಹತ್ತು ಅಂಗುಲದ ಕಂಬ ಅಷ್ಟಕ್ಕೆ ಬೀಳುವುದಿಲ್ಲ. ಕೈಕೊಡುವುದು ತೆಳು ಹಲಗೆ, ರೀಪು.

ನಿಜವಾದ ಅಪಾಯ ಅಟ್ಟದ ಖಾಲಿ ಜಾಗದಲ್ಲಿದೆ. ತೊಟ್ಟಿ ಮನೆಯಲ್ಲಿ ನಾಲ್ಕೂ ಕಡೆಯ ಅಟ್ಟ ಸಾಮಾನ್ಯವಾಗಿ ಒಂದೇ. ಅಡುಗೆಮನೆ ಮೇಲೆ ಹೊತ್ತಿದ್ದು, ಕೆಳಗಿನವರಿಗೆ ತಿಳಿಯುವ ಮೊದಲೇ ಅತಿಥಿಗಳ ಕೋಣೆ ಮೇಲಿರುತ್ತದೆ. ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿ 1992ರಲ್ಲಿ ಪರದೆಗೆ ತಗುಲಿದ ಬೆಂಕಿ ಹಬ್ಬಿದ್ದು ಹೀಗೇ, ಸೂರಿನ ಕೆಳಗಿನ ಪೊಳ್ಳಿನಲ್ಲಿ. ಮೈಸೂರಿನ ಮರದ ಅರಮನೆ 1897ರಲ್ಲಿ ಸುಟ್ಟಾಗ ಹೊಸದಕ್ಕೆ ಕಲ್ಲು, ಇಟ್ಟಿಗೆ, ಬೀಡುಕಬ್ಬಿಣ ಬಳಸಿದರು. ನಿಮಗೆ ಆ ದಾರಿ ಬೇಡ. ಕೆಳಗೆ ಗಟ್ಟಿ ಗೋಡೆಯಿರುವ ಕಡೆ ಅದನ್ನೇ ಹೆಂಚಿನವರೆಗೂ ಏರಿಸಿ, ಅಟ್ಟವನ್ನು ತುಂಡು ಮಾಡಿ. ಮುಚ್ಚಿಗೆ ಹಲಗೆ ಮೇಲೆ ಮಾತ್ರ ಗೋಡೆ ಎಬ್ಬಿಸಬೇಡಿ. ಹಲಗೆ ಮೇಲೆ ಹಳಬರು ಹಾಸಿದ ಮಣ್ಣಿದ್ದರೆ ಭಾರ ಅಂತ ಸುಮ್ನೆ ತೆಗೆಸಬೇಡಿ. ಅದಕ್ಕಿಂತ ಒಳ್ಳೆ ತಡೆ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗದು.

ಆಮೇಲೆ ತೂತುಗಳು. ಒಂದು ಮನೆಯಲ್ಲಿ ಎರಡು ವೈರ್ ದಾಟಿಸಲು ಗೋಡೆಗೆ ಮುಷ್ಟಿಗಾತ್ರದ ಕಂಡಿ ಕೊರೆದಿದ್ದರು. ಅದಕ್ಕೆ ತುರುಕಿದ್ದೇನು ಗೊತ್ತಾ? ಹಳೆ ಪೇಪರ್! ಪಕ್ಕದಲ್ಲೇ ಅಡಿಕೆ ಸಿಪ್ಪೆಯ ಚೀಲ. ಕಂಡಿಗೆ ಗಾರೆ ತುಂಬಿ, ವೈರ್ ಸುತ್ತ ಬೆಂಕಿ ತಡೆಯುವ ಸೀಲಂಟ್ ಹಾಕಿ. ಮಾಮೂಲಿ ಸ್ಪ್ರೇ ಫೋಮ್ ಬೇಡ, ಅದೇ ಉರಿಯುತ್ತದೆ.

ಪೇಂಟ್‌ಗೂ ಕೆಲಸವಿದೆ. ಬಿಸಿ ತಗುಲಿದರೆ ಅದು ಹಪ್ಪಳದ ಹಾಗೆ ಉಬ್ಬಿ ಮರಕ್ಕೆ ಹೊದಿಕೆಯಾಗುತ್ತದೆ. ಅಡುಗೆಮನೆ ಬಾಗಿಲಿನ ತೆಳು ಹಲಗೆಗೆ ಅದು ಸರಿ. ವರ್ಷಗಟ್ಟಲೆ ಎಣ್ಣೆ ಕುಡಿದ ಕೆತ್ತನೆ ಕಂಬಕ್ಕೆ ಹಿಡಿಯುವುದೂ ಕಷ್ಟ, ಚೆಂದವೂ ಹಾಳು.

ಹಳೆ ವೈರಿಂಗ್ ಬದಲಿಸುವುದಿದ್ದರೆ ಇದಕ್ಕೆಲ್ಲ ಮುಂಚೆ ಮುಗಿಸಿ. ಇಲ್ಲದಿದ್ದರೆ ನೀವು ಮುಚ್ಚಿಸಿದ ಕಂಡಿಯ ಪಕ್ಕದಲ್ಲೇ ಎಲೆಕ್ಟ್ರಿಷಿಯನ್ ಇನ್ನೊಂದು ಕೊರೆಯುತ್ತಾನೆ.